ಕ್ರೇನಿನ ಕಾಲು, ಹಟ್ಟಿಯ ಗೋಡೆ



ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ.

ಕಳೆದ ವಾರ ಟೌನ್ ಹಾಲ್ ಸರ್ಕಲ್ ಹತ್ರ ಟೀ ಕುಡೀತಾ ಮೊಬೈಲಲ್ಲಿ ಒಂದು ವಿಡಿಯೋ ನೋಡ್ತಿದ್ದೆ. ಬಂದರಿನಲ್ಲಿ ಹಡಗಿಂದ ಕಂಟೇನರ್ ಎತ್ತೋ ದೈತ್ಯ ಕ್ರೇನು ಇರ್ತವಲ್ಲ, ಭೂಕಂಪ ಬಂದ್ರೆ ಅವು ಬೀಳದ ಹಾಗೆ ಏನು ಮಾಡ್ತಾರೆ ಅನ್ನೋ ವಿಡಿಯೋ. ಪಕ್ಕದಲ್ಲಿದ್ದ ನಮ್ಮ ಸಂಘಟನೆಯ ಹುಡುಗ ಇಣುಕಿ ನೋಡಿ ನಕ್ಕುಬಿಟ್ಟ. "ಏನಣ್ಣ, ಸ್ಮಶಾನಕ್ಕೆ ಜಾಗ ಕೊಡಿ ಅಂತ ಕೊಟ್ಟ ಅರ್ಜಿ ಇನ್ನೂ ತಾಲ್ಲೂಕು ಆಫೀಸಲ್ಲೇ ಕೂತಿದೆ. ನೀವು ನೋಡಿದ್ರೆ ಸಮುದ್ರದ ಕ್ರೇನ್ ನೋಡ್ತಾ ನಿಂತಿದೀರ. ತುಮಕೂರಿಗೆ ಸಮುದ್ರ ಎಲ್ಲೈತೆ?"

ಅವನ ಪ್ರಶ್ನೆ ತಪ್ಪಲ್ಲ. ಆದ್ರೆ ಅವನಿಗೆ ನಾನೂ ಒಂದು ಪ್ರಶ್ನೆ ಕೇಳಿದೆ: "ನಾವು ನಿಂತಿರೋ ರಸ್ತೆ ಹೆಸರೇನಪ್ಪ?" "ಬಿ.ಎಚ್. ರೋಡು." "ಎಚ್ ಅಂದ್ರೆ?" ಅವನು ತಲೆ ಕೆರ್ಕೊಂಡ. ಬೆಂಗಳೂರು–ಹೊನ್ನಾವರ ರಸ್ತೆ ಅದು. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರೋ ಹೆಸರಿನ ಕೊನೆಯಲ್ಲಿ ಒಂದು ಕಡಲೂರು ಇದೆ ಅನ್ನೋದು ನಮಗೆ ನೆನಪೇ ಇರಲ್ಲ. ಇತ್ತ ಕುಣಿಗಲ್ ಕಡೆ ಹೋದ್ರೆ ಮಂಗಳೂರಿಗೆ ಹೋಗೋ ಹೆದ್ದಾರಿ 75. ರಾತ್ರಿ ಹತ್ತರ ಮೇಲೆ ಅಲ್ಲಿ ನಿಂತು ನೋಡಿ. ಒಂದರ ಹಿಂದೆ ಒಂದು ಕಂಟೇನರ್ ಟ್ರೈಲರುಗಳು ಹಾಸನದ ಕಡೆ ಮುಖ ಮಾಡಿ ಹೋಗ್ತಿರ್ತವೆ. ಗುಬ್ಬಿ, ತಿಪಟೂರು ಕಡೆ ತೆಂಗಿನ ನಾರಿನ ಫ್ಯಾಕ್ಟರಿಗಳಲ್ಲಿ ದೂಳು ಕುಡೀತಾ ದಿನಗೂಲಿ ಮಾಡೋರು ಯಾರು? ಬಹುಪಾಲು ನಮ್ಮ ಹಟ್ಟಿಗಳ ಹೆಣ್ಣುಮಕ್ಕಳೇ. ಹೊರದೇಶಕ್ಕೆ ಹೋಗೋ ನಾರು, ನಾರಿನ ಪುಡಿ, ಗ್ರಾನೈಟು ಎಲ್ಲಾ ಕೊನೆಗೆ ಯಾವುದೋ ಒಂದು ಬಂದರಿನ ಕ್ರೇನಿನ ಕೊಂಡಿಗೆ ಸಿಕ್ಕೇ ಹಡಗು ಹತ್ತಬೇಕು. ಆ ಕ್ರೇನು ನಿಂತ್ರೆ ಮೊದಲು ನಿಲ್ಲೋದು ಫ್ಯಾಕ್ಟರಿ ಓನರ್ ಮನೆ ಒಲೆ ಅಲ್ಲ.

ನಮ್ಮ ಚಿಕ್ಕಪ್ಪನ ಮಗ ಟ್ರೈಲರ್ ಡ್ರೈವರು. ಯಾವ ಬಂದರಿಗೆ ಹೋಗ್ತಾನೆ ಅಂತ ಹೇಳಲ್ಲ, ಅವನ ಕೆಲಸಕ್ಕೆ ಕುತ್ತು ಬರೋದು ಬೇಡ. ಒಂದ್ಸಲ ಅಲ್ಲಿ ಕ್ರೇನ್ ಕೆಟ್ಟು ಲಾರಿಗಳ ಸಾಲು ಕದಲಲೇ ಇಲ್ಲವಂತೆ. ಮೂರು ದಿನ ಕ್ಯಾಬಿನ್ನಲ್ಲೇ ಮಲಗಿದ್ದ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯೋನಿಗೆ ಕಾಯೋ ದಿನಕ್ಕೆ ಕೂಲಿ ಇಲ್ಲ. ಕ್ರೇನ್ ಬರೀ ಕೆಟ್ಟು ನಿಂತಾಗಲೇ ಹಿಂಗಾದ್ರೆ, ಮುರಿದು ಬಿದ್ರೆ? ಆ ಪ್ರಶ್ನೆ ಹಿಡ್ಕೊಂಡೇ ನಾನು ಈ ವಿಷಯ ಓದೋಕೆ ಶುರು ಮಾಡಿದ್ದು.

ಒಂದು ದಿನಾಂಕ ನೆನಪು ಮಾಡ್ತೀನಿ. 2023ರ ಫೆಬ್ರವರಿ 6. ಅವತ್ತು ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಪ್ರಧಾನಿ ಬಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಮಾಡಿದ್ರು. ತುಮಕೂರು ಕೈಗಾರಿಕಾ ಟೌನ್‌ಶಿಪ್ಪಿಗೂ ಅವತ್ತೇ ಶಂಕುಸ್ಥಾಪನೆ. ಜಿಲ್ಲೆಯ ಬಸ್ಸೆಲ್ಲಾ ಆ ಕಡೆಗೇ. ಅದೇ ದಿನ ಬೆಳಗ್ಗೆ, ನಮ್ಮ ಗಡಿಯಾರದಲ್ಲಿ ಏಳು ಗಂಟೆ ಆಗೋ ಮುಂಚೆ, ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪ ಆಗಿತ್ತು. ಟರ್ಕಿ, ಸಿರಿಯಾ ಸೇರಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಇಸ್ಕೆಂದರುನ್ ಬಂದರಿನಲ್ಲಿ ಜೋಡಿಸಿಟ್ಟ ಕಂಟೇನರುಗಳು ಇಸ್ಪೀಟೆಲೆ ಥರ ಉರುಳಿ ಬಿದ್ದು ಬೆಂಕಿ ಹತ್ತಿ ದಿನಗಟ್ಟಲೆ ಉರಿದವು. ಪರಿಹಾರದ ಸಾಮಾನು ಬಂದಿಳಿಯಬೇಕಾದ ಬಾಗಿಲೇ ಹೊತ್ತಿ ಉರೀತಿತ್ತು.

ಇಲ್ಲಿ ಕೈಗಾರಿಕೆ ಬರ್ತಿದೆ, ಕಂಟೇನರ್ ಬರ್ತಿದೆ, ಬಂದರಿಗೆ ದಾರಿ ಅಗಲ ಆಗ್ತಿದೆ. ಒಳ್ಳೇದೇ. ಆದ್ರೆ ಆ ದಾರಿಯ ತುದಿಯಲ್ಲಿ ನಿಂತಿರೋ ಯಂತ್ರದ ಕಾಲಿನ ಬಗ್ಗೆ ಯಾರಾದ್ರೂ ಕೇಳಬೇಕಲ್ವಾ? ಕಾಲಿನ ಕೆಳಗೆ ಬದುಕಿರೋ ನಾವೇ ಕೇಳೋಣ.

ಮೊದಲು ಆ ಕ್ರೇನ್ ಹೆಂಗಿರುತ್ತೆ ಅಂತ ಹೇಳಿಬಿಡ್ತೀನಿ. ದಕ್ಕೆಯ ಮೇಲೆ ಎರಡು ಹಳಿ. ನೀರಿನ ಕಡೆ ಒಂದು, ನೆಲದ ಕಡೆ ಒಂದು. ಆ ಹಳಿ ಮೇಲೆ ಗಾಲಿ. ಗಾಲಿ ಮೇಲೆ ನಾಲ್ಕು ಕಾಲು. ಕಾಲಿನ ಮೇಲೆ ಹಡಗಿನ ಅಗಲಕ್ಕೂ ಚಾಚಿದ ಕೈ. ಆ ಕೈಯಲ್ಲಿ ಓಡಾಡೋ ಟ್ರಾಲಿ, ಅದಕ್ಕೆ ಅಂಟಿಕೊಂಡ ಗಾಜಿನ ಕ್ಯಾಬಿನ್ನಲ್ಲಿ ಒಬ್ಬ ಮನುಷ್ಯ. ಇಪ್ಪತ್ತಡಿ ಕಂಟೇನರ್ ಒಂದು ತುಂಬಿದ್ರೆ 30 ಟನ್‌ವರೆಗೂ ತೂಗುತ್ತೆ. ಈಗಿನ ದೊಡ್ಡ ಕ್ರೇನೇ ಸಾವಿರ ಟನ್ ಮೀರಿ ತೂಗುತ್ತೆ. ಗುಬ್ಬಿ ಜಾತ್ರೆಯ ತೇರು ನೋಡಿದೀರಲ್ಲ, ಹಂಗೆ ಗಾಲಿ ಮೇಲೆ ನಿಂತ ಎತ್ತರದ ವಸ್ತು. ಭಾರ ಎಲ್ಲಾ ಮೇಲೆ, ಆಧಾರ ಎಲ್ಲಾ ಕೆಳಗೆ. ತೇರು ವಾಲಿದಾಗ ಜನ ಮೇಲಿನ ಕಳಸ ನೋಡಿ ಕೂಗ್ತಾರೆ. ಗಾಲಿಗೆ ಅಡ್ಡಮರ ಕೊಡೋನು ಮಾತ್ರ ನೆಲ ನೋಡ್ತಿರ್ತಾನೆ. ತೇರು ಉಳಿಯೋದು ಅವನಿಂದ.

ಮೊದಲಿನ ಕಂಟೇನರ್ ಕ್ರೇನುಗಳು ಚಿಕ್ಕವು. ಎರಡು ಹಳಿಗಳ ನಡುವೆ 50 ಅಡಿ. ಭೂಮಿ ಅಲುಗಿದ್ರೆ ಒಂದು ಕಡೆಯ ಗಾಲಿ ಹಳಿಯಿಂದ ಮೇಲೆದ್ದು ಮತ್ತೆ ಕೆಳಗೆ ಕೂರೋದು. ಕೆಲವು ಸಲ ಹಳಿ ತಪ್ಪಿ ಕೂರೋದು, ಆದ್ರೆ ಕಾಲು ಉಳಿಯೋದು. ಎತ್ತಿನ ಗಾಡಿ ಹೊಡೆದೋರಿಗೆ ಇದು ಗೊತ್ತು. ಗಾಲಿಗೆ ಕಲ್ಲು ಸಿಕ್ಕಾಗ ಗಾಲಿ ಎದ್ದು ಇಳಿದ್ರೆ ಅಚ್ಚು ಉಳಿಯುತ್ತೆ. ಭಾರ ಜಾಸ್ತಿಯಾಗಿ ಗಾಲಿ ಏಳದೇ ಹೋದ್ರೆ ಅಚ್ಚೇ ಮುರಿಯುತ್ತೆ. ಹಡಗು ದೊಡ್ಡದಾದ ಹಾಗೆ ಕ್ರೇನೂ ದೊಡ್ಡದಾಯ್ತು. ಹಳಿಗಳ ನಡುವೆ 100 ಅಡಿ ಆಯ್ತು, ತೂಕ ಏರಿತು. ಈಗ ಗಾಲಿ ಸುಲಭಕ್ಕೆ ಮೇಲೇಳಲ್ಲ. ಅಲುಗಾಟದ ಬಲ ಎಲ್ಲಾ ಕಾಲಿಗೇ ಇಳಿಯುತ್ತೆ. ಆ ಬಲಕ್ಕೆ ತಕ್ಕ ಹಾಗೆ ಕಾಲು ಕಟ್ಟದೇ ಇದ್ರೆ ಗಾಲಿ ಏಳೋ ಮುಂಚೆ ಕಾಲೇ ಮಡಚಿಕೊಳ್ಳುತ್ತೆ. ದೊಡ್ಡದು ಗಟ್ಟಿ ಅಂತ ನಾವು ಅಂದ್ಕೊಳ್ತೀವಿ. ಭೂಕಂಪದ ಮುಂದೆ ಆ ಲೆಕ್ಕ ನಡೆಯಲ್ಲ.

ಇದನ್ನ ಜಗತ್ತಿಗೆ ಕಲಿಸಿದ್ದು ಜಪಾನಿನ ಕೋಬೆ. 1995ರ ಜನವರಿ 17ರ ಬೆಳಗಿನ ಜಾವ. ಅದಕ್ಕೂ ಮುಂಚೆ ಕೋಬೆ ಪ್ರಪಂಚದ ಆರನೇ ಅತಿ ದೊಡ್ಡ ಕಂಟೇನರ್ ಬಂದರು. ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪಗಳ ಮೇಲೆ ಆ ದಕ್ಕೆಗಳಿದ್ದವು. ತುಂಬಿದ್ದು ಯಾವ ಮಣ್ಣು ಗೊತ್ತಾ? ಗ್ರಾನೈಟ್ ಬಂಡೆ ಶಿಥಿಲವಾಗಿ ಪುಡಿಯಾದ ಗರಸು ಮಣ್ಣು. ನಮ್ಮ ಕಡೆ ರಸ್ತೆಗೆ ಹೊಡೆಯೋ ಮಣ್ಣಿನ ಜಾತಿಯದೇ. ಒಣ ನೆಲದಲ್ಲಿ ಅದು ಕಲ್ಲಿನ ಹಾಗೆ. ನೀರು ಕುಡಿದಿದ್ದಾಗ ಜೋರಾಗಿ ಅಲುಗಿಸಿದ್ರೆ ಅಂಬಲಿ ಆಗಿಬಿಡುತ್ತೆ. ಹಂಗೇ ಆಯ್ತು. ದಕ್ಕೆಯ ಗೋಡೆಗಳು ಸಮುದ್ರದ ಕಡೆಗೆ ಕೆಲವು ಕಡೆ 5 ಮೀಟರ್‌ವರೆಗೂ ಜರುಗಿದವು. ನೀರಿನ ಕಡೆಯ ಹಳಿ ಗೋಡೆ ಜೊತೆ ಹೋಯ್ತು, ನೆಲದ ಕಡೆಯ ಹಳಿ ಹಿಂದೆಯೇ ಉಳೀತು. ಕ್ರೇನಿನ ಎರಡು ಕಾಲು ಎರಡು ದಿಕ್ಕಿಗೆ ಎಳೆದ ಹಾಗಾಗಿ ಕಾಲುಗಳು ಬಾಗಿ ಮಡಚಿಕೊಂಡವು. ಒಂದಂತೂ ಬಿದ್ದೇ ಹೋಯ್ತು. ಬಂದರು ಪೂರ್ತಿ ರಿಪೇರಿ ಆಗೋಕೆ ಎರಡು ವರ್ಷ ಹಿಡೀತು. ಅಷ್ಟರಲ್ಲಿ ಹಡಗುಗಳು ಕೊರಿಯಾದ ಬುಸಾನ್ ಕಡೆ, ಬೇರೆ ಬಂದರುಗಳ ಕಡೆ ತಿರುಗಿದ್ದವು. ಹೋದ ವ್ಯಾಪಾರ ಕೋಬೆಗೆ ಹಳೇ ಮಟ್ಟದಲ್ಲಿ ವಾಪಸ್ ಬರಲೇ ಇಲ್ಲ.

ಅದೇ ಊರಲ್ಲಿ ನಾಗಾತ ಅಂತ ಒಂದು ವಾರ್ಡಿದೆ. ಶೂ, ಚಪ್ಪಲಿ ಮಾಡೋ ಸಣ್ಣ ಸಣ್ಣ ಕಾರ್ಖಾನೆಗಳ ಜಾಗ. ಕೊರಿಯಾ ಮೂಲದವರು, ವಿಯೆಟ್ನಾಮಿನಿಂದ ಬಂದವರು ಅಲ್ಲಿ ದುಡೀತಿದ್ರು. ಜಪಾನಿನ ಅಸ್ಪೃಶ್ಯರಾದ ಬುರಾಕು ಜನರ ಕೇರಿಯೂ ಆ ವಾರ್ಡಿನಲ್ಲೇ ಇದೆ. ಚರ್ಮದ ಕೆಲಸ, ಸತ್ತ ಪ್ರಾಣಿಯ ಕೆಲಸ ಮಾಡ್ತಾರೆ ಅಂತ ಊರಾಚೆ ಇಟ್ಟ ಜನ. ನಮ್ಮ ಕಥೆಯೇ. ಆ ವಾರ್ಡಿನ ಹಳೇ ಮರದ ಮನೆಗಳ ಸಾಲುಗಳು ಬಿದ್ದು, ಬೆಂಕಿ ಹತ್ತಿ ಬೂದಿಯಾದವು. ಕೋಬೆ ಭೂಕಂಪದಲ್ಲಿ ಸತ್ತವರು 6,400ಕ್ಕೂ ಹೆಚ್ಚು, ಅದರಲ್ಲಿ ಬಹಳ ಜನ ತಮ್ಮ ಮನೆಯ ಗೋಡೆ ಚಾವಣಿ ಅಡಿಯಲ್ಲೇ. ಕ್ರೇನಿನ ಕಾಲಿನ ಬಗ್ಗೆ ಎಂಜಿನಿಯರುಗಳು ಬರೆದ ಪಾಠವನ್ನ ನಾಗಾತದ ಪಾಠದ ಜೊತೆ ಇಟ್ಟು ಓದಬೇಕು ಅನ್ನೋದು ನನ್ನ ವಾದ.

ಕೋಬೆ ಆದ ಮೇಲೆ ಏನು ಕಲಿತರು? ಮೂರು ಮಾತಲ್ಲಿ ಹೇಳ್ತೀನಿ.

ಒಂದು, ನೆಲ. ದಕ್ಕೆಯ ಹಿಂದಿನ ಮಣ್ಣನ್ನ ಒತ್ತಿ ಗಟ್ಟಿ ಮಾಡಬೇಕು. ಎರಡೂ ಹಳಿ ಒಂದೇ ಕಂಬಸಾಲಿನ ದಕ್ಕೆಯ ಮೇಲಿರಬೇಕು, ಇಲ್ಲಾಂದ್ರೆ ಒಂದಕ್ಕೊಂದು ಕಟ್ಟಿರಬೇಕು. ಜರುಗಿದ್ರೆ ಜೊತೆಗೇ ಜರುಗಬೇಕು.

ಎರಡು, ಕಾಲು. ಗಾಲಿ ಮೇಲೇಳೋವರೆಗೂ ಕಾಲು ಮುರಿಯದಷ್ಟು ಗಟ್ಟಿ ಇರಬೇಕು. ಬಾಗಿದ್ರೂ ಪಟ್ ಅಂತ ಮುರಿಯದೆ ನಿಧಾನಕ್ಕೆ ಬಾಗೋ ಹಾಗೆ ಉಕ್ಕಿನ ತಗಡು, ಬೆಸುಗೆ ಇರಬೇಕು.

ಮೂರು, ಬಿಟ್ಟುಕೊಡೋ ಗುಣ. ಜಪಾನಿನಲ್ಲಿ ಕ್ರೇನಿನ ಕಾಲಿನ ಬುಡದಲ್ಲಿ ಜಾರೋ ವ್ಯವಸ್ಥೆ ಮಾಡಿದ್ರು. ಮಾಮೂಲಿ ದಿನ ಒಂದು ಪಿನ್ನು ಅದನ್ನ ಬಿಗಿಯಾಗಿ ಹಿಡಿದಿರುತ್ತೆ. ಜೋರು ಅಲುಗಾಟ ಬಂದಾಗ ಆ ಪಿನ್ನು ಮುರಿದು, ಕೆಳಗಿನ ನೆಲ ಓಡಾಡಿದ್ರೂ ಮೇಲಿನ ಕ್ರೇನು ಅಷ್ಟಾಗಿ ಓಡಾಡದ ಹಾಗೆ ಜಾರಲು ಬಿಡುತ್ತೆ. ಸಣ್ಣದೊಂದು ಪಿನ್ನು ಮುರಿದು ಸಾವಿರ ಟನ್ ಉಳಿಸುತ್ತೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದರ ಜೊತೆಗೆ ಇನ್ನೊಂದು ಕಷ್ಟ ಇದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಲ್ಲ. ಬಿರುಗಾಳಿಗೆ ಕ್ರೇನು ಓಡಿಹೋಗದ ಹಾಗೆ ದಕ್ಕೆಗೆ ಬಿಗಿದು ಕಟ್ಟಬೇಕು. ಭೂಕಂಪಕ್ಕೆ ಸ್ವಲ್ಪ ಬಿಡಬೇಕು. ಗಾಳಿ ಬರೋದು ಮುಂಚೆಯೇ ಗೊತ್ತಾಗುತ್ತೆ, ಭೂಕಂಪ ಹೇಳಿ ಬರಲ್ಲ. ಹಾಗಾಗಿ ಎರಡಕ್ಕೂ ಲೆಕ್ಕ ಹಾಕಿ ಕಟ್ಟಬೇಕಾದ್ದು ಕೊಳ್ಳುವಾಗಲೇ. ಬಂದ ಮೇಲೆ ಹೊಸ ಕಾಲು ಜೋಡಿಸೋದು ಬಹಳ ದುಬಾರಿ ಕೆಲಸ.

ಈಗ ಒಬ್ಬರು ಕೇಳ್ತಾರೆ. "ಸಾರ್, ಕರ್ನಾಟಕದಲ್ಲಿ ಎಲ್ಲಿ ಬರುತ್ತೆ ಭೂಕಂಪ? ನಮ್ಮದು ಗಟ್ಟಿ ಬಂಡೆ." ಭೂಕಂಪದ 2016ರ ಸಂಹಿತೆಯ ನಕ್ಷೆಯಲ್ಲಿ ತುಮಕೂರು ಎರಡನೇ ವಲಯ, ಅಂದ್ರೆ ಕಡಿಮೆ ಅಪಾಯ. ಮಂಗಳೂರು ಮೂರನೇ ವಲಯ, ಮಧ್ಯಮ. ಸರಿ. ಆದ್ರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ನಮ್ಮ ಬೀದರ್, ಕಲಬುರಗಿ ಗಡಿಯಾಚೆ ಲಾತೂರಿನ ಕಿಲ್ಲಾರಿ ನೆಲಸಮ ಆಯ್ತಲ್ಲ, ಅವತ್ತಿನ ನಕ್ಷೆಯಲ್ಲಿ ಲಾತೂರು ಯಾವ ವಲಯ? ಒಂದನೇ ವಲಯ. ಅಂದ್ರೆ ಅತ್ಯಂತ ಸುರಕ್ಷಿತ. ಬೆಂಗಳೂರೂ ಆಗ ಅದೇ ವಲಯ. ಸುಮಾರು 10 ಸಾವಿರ ಜನ ಸತ್ತರು. ಕೊನೆಗೆ 2002ರಲ್ಲಿ ಒಂದನೇ ವಲಯ ಅನ್ನೋದನ್ನೇ ನಕ್ಷೆಯಿಂದ ತೆಗೆದುಹಾಕಿದ್ರು. 1967ರ ಕೊಯ್ನಾ ಭೂಕಂಪವೂ ಅದೇ ದಖ್ಖನ್ನಿನ ಗಟ್ಟಿ ಬಂಡೆಯ ಮೇಲೇ ಆಗಿದ್ದು. ನಕ್ಷೆ ಒಂದು ಅಂದಾಜು, ಅಭಯಹಸ್ತ ಅಲ್ಲ.

ಇನ್ನೊಂದು ಮಾತು. ಬಂದರು ಬಂಡೆ ಮೇಲೆ ಕೂತಿರಲ್ಲ. ಪಣಂಬೂರಿನ ನವ ಮಂಗಳೂರು ಬಂದರು 1970ರ ದಶಕದಲ್ಲಿ ಕಡಲ ದಂಡೆಯನ್ನ ಅಗೆದು ಮಾಡಿದ ಕೃತಕ ಬಂದರು. ಅದಕ್ಕಾಗಿ ಊರು ಬಿಟ್ಟವರಿಗೆ ಕಾಟಿಪಳ್ಳದ ಕಡೆ ಜಾಗ ಕೊಟ್ಟರು. 2022ರ ಸೆಪ್ಟೆಂಬರ್ 2ರಂದು ಅಲ್ಲಿನ 14ನೇ ಬರ್ತಿನ ಕಂಟೇನರ್ ಯಾಂತ್ರೀಕರಣವನ್ನ ಪ್ರಧಾನಿ ಲೋಕಾರ್ಪಣೆ ಮಾಡಿದ್ರು. ಕಂಟೇನರ್ ವ್ಯಾಪಾರ ಬೆಳೀಬೇಕು ಅನ್ನೋದು ಸರ್ಕಾರದ ಆಸೆ. ಹಾಗಾದ್ರೆ ನೆಲದ ಪ್ರಶ್ನೆ, ಕಾಲಿನ ಪ್ರಶ್ನೆ ಈಗಲೇ ಕೇಳಬೇಕು. 2001ರ ಗಣರಾಜ್ಯೋತ್ಸವದ ದಿನ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಕಚೇರಿ ಗೋಪುರ ವಾಲಿತು, ಹಳೇ ಜೆಟ್ಟಿಗಳ ಕಂಬಗಳು ಬಿರುಕು ಬಿಟ್ಟವು. ನಮ್ಮ ದೇಶದ್ದೇ ಉದಾಹರಣೆ, ನಮ್ಮ ಪಶ್ಚಿಮ ಕರಾವಳಿಯದೇ.

ನನ್ನ ಗೆಳೆಯರಲ್ಲೇ ಕೆಲವರು ಬೇರೆ ಕಡೆಯಿಂದ ಜಗಳಕ್ಕೆ ಬರ್ತಾರೆ. "ಬಂಡವಾಳಗಾರರ ಕ್ರೇನು ಬಿದ್ರೆ ನಮಗೇನಣ್ಣ? ಇನ್ಶೂರೆನ್ಸ್ ಇರುತ್ತೆ, ಅವರು ನೋಡ್ಕೊಳ್ತಾರೆ." ಈ ಮಾತನ್ನ ನಾನು ಒಪ್ಪಲ್ಲ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪ ಆದಾಗ ರಾಜಧಾನಿಯ ಬಂದರಿನ ದಕ್ಕೆ ಕುಸಿದು ಕ್ರೇನು ನೀರಿಗೆ ಜಾರಿತು. ಅಕ್ಕಿ, ನೀರು, ಔಷಧಿ ತುಂಬಿದ ಹಡಗುಗಳು ಬಂದ್ರೂ ಇಳಿಸೋ ಹಾಗಿರಲಿಲ್ಲ. ಹೈಟಿ ಅಂದ್ರೆ ಗುಲಾಮರೇ ದಂಗೆ ಎದ್ದು 1804ರಲ್ಲಿ ಸ್ವಾತಂತ್ರ್ಯ ಪಡೆದ ದೇಶ. ಆ ಗುಲಾಮರ ಮರಿಮಕ್ಕಳು ಬೀದಿಯಲ್ಲಿ ನೀರಿಗೆ ಕಾಯ್ತಾ ಕೂತ್ರು. ಕ್ರೇನ್ ಬಿದ್ದಾಗ ದುಡ್ಡಿದ್ದವನಿಗೆ ವಿಮಾನ ಇರುತ್ತೆ, ಬಡವನಿಗೆ ಹಡಗೇ ಗತಿ.

ಹಾಗಂತ ಕ್ರೇನ್ ಉಳಿದ್ರೆ ಸಾಕಾ? ಅದೂ ಸಾಲಲ್ಲ. ಭುಜ್‌ನಲ್ಲಿ ಪರಿಹಾರ ಬಂದ ಮೇಲೆ ಏನಾಯ್ತು? ದಲಿತರಿಗೆ, ಮುಸ್ಲಿಮರಿಗೆ ಪರಿಹಾರ ಹಂಚಿಕೆಯಲ್ಲಿ ತಾರತಮ್ಯ ಆಯ್ತು ಅಂತ ಮಾನವ ಹಕ್ಕು ಸಂಘಟನೆಗಳು ದಾಖಲೆ ಮಾಡಿವೆ. 2004ರ ಸುನಾಮಿ ಆದಾಗ ತಮಿಳುನಾಡಿನಲ್ಲೂ ದಲಿತರು ಶಿಬಿರಗಳಲ್ಲಿ ಅದನ್ನೇ ಉಂಡರು. ಭೂಮಿ ಅಲುಗುವಾಗ ಜಾತಿ ನೋಡಲ್ಲ ಅಂತ ಭಾಷಣದಲ್ಲಿ ಹೇಳ್ತಾರೆ. ಭೂಮಿ ನೋಡಲ್ಲ, ನಿಜ. ಆದ್ರೆ ಯಾವ ಜಾತಿಗೆ ಎಂಥಾ ಗೋಡೆ ಅನ್ನೋದನ್ನ ಊರು ಮುಂಚೆಯೇ ನೋಡಿ ಇಟ್ಟಿರುತ್ತೆ. ಯಾರ ಸಾಲು ಕೊನೇಲಿ ಅನ್ನೋದನ್ನೂ.

ಗೋಡೆ ಅಂದಾಗ ನಮ್ಮ ದೊಡ್ಡಮ್ಮನ ಮನೆ ಕಣ್ಣ ಮುಂದೆ ಬರುತ್ತೆ. ಗುಬ್ಬಿ ತಾಲ್ಲೂಕಿನ ಒಂದು ಹಟ್ಟಿ. ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ, ಮೇಲೆ ಕಲ್ಲುಚಪ್ಪಡಿ. ಬೇಸಿಗೆಗೆ ತಂಪು, ನೋಡೋಕೆ ಗಟ್ಟಿ. ಅಂಥದ್ದೇ ಗೋಡೆ, ಮೇಲೆ ದಪ್ಪ ಮಣ್ಣಿನ ಮಾಳಿಗೆ, ಲಾತೂರಿನಲ್ಲಿ ಮಲಗಿದ್ದೋರ ಮೇಲೆ ಬಿತ್ತು. ಕೊಲ್ಲೋದು ಭೂಕಂಪ ಅಲ್ಲ, ಕಟ್ಟಿದ ರೀತಿ. ಕಲ್ಲಿನ ಗೋಡೆಯ ಒಳಮೈ ಹೊರಮೈ ಬೇರೆ ಬೇರೆ ನಿಂತಿರುತ್ತೆ, ನಾಲ್ಕು ಮೂಲೆ ಬೇರೆ ಬೇರೆ ನಿಂತಿರುತ್ತೆ. ಅಲುಗಿದಾಗ ಒಂದೊಂದು ಗೋಡೆ ಒಂದೊಂದು ಕಡೆ ಹೊರಡುತ್ತೆ. ಕೋಬೆಯ ಕ್ರೇನಿನ ಎರಡು ಕಾಲು ಎರಡು ಕಡೆ ಹೊರಟ ಹಾಗೆ.

ಇದಕ್ಕೂ ಮದ್ದಿದೆ. ನಮ್ಮ ದೇಶದ್ದೇ ಸಂಹಿತೆಗಳಲ್ಲಿ ಬರೆದಿಟ್ಟಿದಾರೆ. ಗೋಡೆಯ ಎರಡೂ ಮೈ ಹಿಡಿಯೋ ಹಾಗೆ ಅಲ್ಲಲ್ಲಿ ಅಡ್ಡಗಲ್ಲು ಹಾಕೋದು. ಮೂಲೆಗಳಲ್ಲಿ ಕಂಬಿ ಹಾಕೋದು. ಬಾಗಿಲು ಕಿಟಕಿಯ ಲಿಂಟಲ್ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತ ಕಂಬಿ ಕಾಂಕ್ರೀಟಿನ ಒಂದು ಬೆಲ್ಟು ಹಾಕೋದು. ಡೊಳ್ಳಿನ ಸುತ್ತ ಹಗ್ಗ ಬಿಗಿದ ಹಾಗೆ. ಮನೆಯ ಒಟ್ಟು ಖರ್ಚಿನಲ್ಲಿ ಇದು ಸಣ್ಣ ಪಾಲು. ಆದ್ರೆ ಗ್ರ್ಯಾಂಟ್ ಮನೆ ಕಟ್ಟುವಾಗ ಏನಾಗುತ್ತೆ? ಬಾಗಿಲ ಮೇಲೆ ಎರಡಡಿ ಲಿಂಟಲ್, ಕಿಟಕಿ ಮೇಲೆ ಎರಡಡಿ ಲಿಂಟಲ್, ನಡುವೆ ಬೆಲ್ಟ್ ಮಾಯ. ಬಿಲ್ ಆಗೋಕೆ ಗೋಡೆಯ ಫೋಟೋ ಸಾಕು, ಬೆಲ್ಟಿನ ಫೋಟೋ ಯಾರೂ ಕೇಳಲ್ಲ.

ಇನ್ನು ಕ್ರೇನಿನ ಕೆಳಗೆ ನಿಲ್ಲೋ ಜನ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಹೊಸ ಕ್ರೇನಿನ ಪರೀಕ್ಷೆ ಮಾಡುವಾಗ ಕ್ರೇನೇ ಕುಸಿದು 11 ಜನ ಸತ್ತರು. ಭೂಕಂಪ ಇರಲಿಲ್ಲ, ಗಾಳಿ ಇರಲಿಲ್ಲ. ಸತ್ತವರಲ್ಲಿ ಗುತ್ತಿಗೆ ಕಂಪನಿಗಳ ಕಾರ್ಮಿಕರೂ ಇದ್ರು. ಕ್ರೇನಿನ ರಕ್ಷಣೆ ಬಗ್ಗೆ ಮಾತಾಡುವಾಗ ಉಕ್ಕಿನ ಲೆಕ್ಕ ಇರುತ್ತೆ, ನಷ್ಟದ ಲೆಕ್ಕ ಇರುತ್ತೆ, ಎಷ್ಟು ದಿನ ವ್ಯಾಪಾರ ನಿಲ್ಲುತ್ತೆ ಅನ್ನೋ ಲೆಕ್ಕ ಇರುತ್ತೆ. ಮೇಲಿನ ಕ್ಯಾಬಿನ್ನಲ್ಲಿರೋನು ಅಲುಗಾಟ ನಿಂತ ಮೇಲೆ ಹೆಂಗೆ ಇಳಿದು ಬರ್ತಾನೆ? ಕೆಳಗೆ ಕಂಟೇನರಿಗೆ ಕೊಂಡಿ ಬಿಗಿಯೋನು ಎಲ್ಲಿಗೆ ಓಡಬೇಕು? ಸಾಲಲ್ಲಿ ನಿಂತ ಲಾರಿ ಡ್ರೈವರಿಗೆ ಯಾರು ಹೇಳ್ತಾರೆ? ಈ ಪ್ರಶ್ನೆಗಳೂ ಅದೇ ಲೆಕ್ಕದ ಪುಸ್ತಕದಲ್ಲಿ ಇರಬೇಕು.

ಪುರುಷಸೂಕ್ತ ಶೂದ್ರರನ್ನ ಕಾಲಿಂದ ಹುಟ್ಟಿಸ್ತು. ನಮ್ಮನ್ನ ಕಾಲಿಗೂ ಸೇರಿಸ್ಲಿಲ್ಲ, ಕಾಲಡಿಯ ನೆಲಕ್ಕೆ ಬಿಡ್ತು. ಆದ್ರೆ ಎಂಜಿನಿಯರಿಂಗ್ ಏನು ಹೇಳುತ್ತೆ ನೋಡಿ. ಎಷ್ಟೇ ಎತ್ತರದ ಕ್ರೇನಾಗಲಿ, ಅದರ ಆಯಸ್ಸು ತೀರ್ಮಾನ ಆಗೋದು ಕಾಲಿನಲ್ಲಿ, ಕಾಲಡಿಯ ನೆಲದಲ್ಲಿ. ತಲೆಗೆ ಎಷ್ಟು ಬಣ್ಣ ಹೊಡೆದ್ರೂ ಉಪಯೋಗ ಇಲ್ಲ.

ಬಾಬಾಸಾಹೇಬರು ಯಂತ್ರದ ವಿರೋಧಿ ಆಗಿರಲಿಲ್ಲ. ಯಂತ್ರವೇ ಕೇಡು ಅಂದ ಗಾಂಧೀಜಿಯ ವಾದವನ್ನ ಅವರು ಖಂಡಿಸಿದ್ರು. ಯಂತ್ರ ಇಲ್ಲದಿದ್ರೆ ಬಡವನಿಗೆ ದುಡಿಮೆ ಬಿಟ್ಟು ಬಿಡುವೇ ಇರಲ್ಲ ಅನ್ನೋದು ಅವರ ನಿಲುವು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಒಂದು ಕೈಯಲ್ಲಿ ಅಣೆಕಟ್ಟು, ವಿದ್ಯುತ್ತಿನ ಯೋಜನೆ, ಇನ್ನೊಂದು ಕೈಯಲ್ಲಿ ಕಾರ್ಮಿಕರ ದುಡಿಮೆಯ ಗಂಟೆ, ಗಣಿಯಲ್ಲಿ ದುಡಿಯೋ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯ ಹಿಡಿದಿದ್ರು. ಎರಡೂ ಒಂದೇ ಕೆಲಸ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ "ದಲಿತ ಸಂಘಟನೆಯವನು ಮೀಸಲಾತಿ ಬಗ್ಗೆ ಮಾತಾಡು, ಕ್ರೇನ್ ನಿನಗ್ಯಾಕೆ" ಅನ್ನೋರಿಗೆ ನನ್ನ ಉತ್ತರ ಇದೇ.

ನಾನು ಕೇಳ್ತಿರೋದು ನಾಲ್ಕೇ.

ಒಂದು: ನವ ಮಂಗಳೂರು ಬಂದರು ಪ್ರಾಧಿಕಾರವಾಗಲಿ, ನಮ್ಮ ಕರ್ನಾಟಕ ಜಲಸಾರಿಗೆ ಮಂಡಳಿಯಾಗಲಿ, ಕಂಟೇನರ್ ದಕ್ಕೆಗಳ ಮಣ್ಣು, ಹಳಿ, ಕ್ರೇನಿನ ಕಾಲು ಮೂರನ್ನೂ ಒಟ್ಟಿಗೆ ನೋಡಿದ ಭೂಕಂಪ ಪರಿಶೀಲನೆಯನ್ನ ಕನ್ನಡದಲ್ಲಿ ಜನರ ಮುಂದೆ ಇಡಲಿ. ಹೊಸ ಕ್ರೇನ್ ಕೊಳ್ಳುವಾಗ ಟೆಂಡರಿನಲ್ಲೇ ಆ ಷರತ್ತು ಇರಲಿ.

ಎರಡು: ಭೂಕಂಪ, ಬಿರುಗಾಳಿ ಎರಡಕ್ಕೂ ವರ್ಷಕ್ಕೆರಡು ಸಲ ಅಣಕು ಕಾರ್ಯಾಚರಣೆ ಆಗಲಿ. ಅದರಲ್ಲಿ ಗುತ್ತಿಗೆ ಕಾರ್ಮಿಕರು, ಲಾರಿ ಡ್ರೈವರುಗಳು ಸೇರಲಿ. ಕ್ರೇನಿಗೆ ಇರೋ ಹಾಗೆ ಅವರ ಜೀವಕ್ಕೂ ವಿಮೆ ಇರಲಿ. ಕ್ರೇನು ನಿಂತ ದಿನಕ್ಕೂ ಕೂಲಿ ಇರಲಿ.

ಮೂರು: ಅಂಬೇಡ್ಕರ್ ನಿವಾಸ್ ಇರಲಿ, ಬಸವ ವಸತಿ ಇರಲಿ, ಲಿಂಟಲ್ ಬೆಲ್ಟ್ ಇಲ್ಲದ ಮನೆಗೆ ಮುಂದಿನ ಕಂತು ಇಲ್ಲ ಅನ್ನಬೇಡಿ. ಬೆಲ್ಟಿನ ಹಣವನ್ನ ಮೊದಲೇ ಹೆಚ್ಚಿಗೆ ಕೊಡಿ, ಆಮೇಲೆ ಫೋಟೋ ಕೇಳಿ. ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣ ಎಲ್ಲೆಲ್ಲಿಗೋ ಹೋಗುತ್ತೆ, ಈ ಕಂಬಿ ಸಿಮೆಂಟಿಗೆ ಹೋಗಲಿ.

ನಾಲ್ಕು: ತುಮಕೂರು, ಗುಬ್ಬಿ, ಕುಣಿಗಲ್ಲಿನ ಐಟಿಐ, ಪಾಲಿಟೆಕ್ನಿಕ್ ಹುಡುಗರಿಗೆ, ಗಾರೆ ಕೆಲಸದವರಿಗೆ ಇದನ್ನ ಕೈಯಾರೆ ಕಲಿಸಿ. ನಮ್ಮ ಹಟ್ಟಿಗಳ ಗಾರೆಯವರೇ ಊರಿನ ಎಲ್ಲರ ಮನೆ ಕಟ್ತಾರೆ. ಅವರು ಕಲಿತ್ರೆ ಊರೇ ಗಟ್ಟಿ ಆಗುತ್ತೆ.

ಮೊನ್ನೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹಳೇ ಮನೆ ಪಕ್ಕ ಗ್ರ್ಯಾಂಟ್ ಮನೆಯ ಪಾಯ ಬಂದಿತ್ತು. ಗಾರೆ ಅಣ್ಣನಿಗೆ ಬೆಲ್ಟ್ ವಿಷಯ ಹೇಳಿದೆ. ಅವನು ಬೀಡಿ ಕೆಳಗಿಟ್ಟು, ಮಣ್ಣಲ್ಲಿ ಕಡ್ಡಿಯಿಂದ ನಾಲ್ಕು ಗೆರೆ ಎಳೆದು, ಸುತ್ತ ಒಂದು ಗೆರೆ ಹಾಕಿ ಕೇಳಿದ: "ಹಿಂಗೇ ಅಲ್ವಾ? ಗೊತ್ತಣ್ಣ ನಂಗೆ. ದೊಡ್ಡ ದೊಡ್ಡೋರ ಮನೆಗೆ ಹಾಕಿದೀನಿ. ಇಲ್ಲಿ ಯಾರೂ ಕೇಳಲಿಲ್ಲ, ಅದ್ಕೆ ಹಾಕಿಲ್ಲ." ಕಂಬಿಗೆ ಎಷ್ಟಾಗುತ್ತೆ ಅಂತ ಅಲ್ಲೇ ಲೆಕ್ಕ ಹಾಕಿದ್ವಿ. ದೊಡ್ಡಮ್ಮ ಕೋಳಿ ಮಾರಿದ ದುಡ್ಡು ಸ್ವಲ್ಪ ಕೊಟ್ಟಳು. ನಮ್ಮ ಡ್ರೈವರ್ ತಮ್ಮ ಸ್ವಲ್ಪ ಕಳಿಸಿದ. ಉಳಿದದ್ದು ನಾನು.

ಬೆಲ್ಟ್ ಬಿದ್ದಿದೆ. ಇನ್ನು ಕ್ರೇನಿನ ಕಾಲಿಗೆ ಬಿದ್ದಿದೆಯಾ ಅಂತ ಕೇಳೋದು ನಮ್ಮೆಲ್ಲರ ಕೆಲಸ. ಕೇಳಿ. ನಿಮ್ಮ ಊರಿನ ಗ್ರ್ಯಾಂಟ್ ಮನೆಗಳಲ್ಲೂ ಕೇಳಿ. ಕೇಳದಿದ್ರೆ ಯಾರೂ ಹಾಕಲ್ಲ.

ಜೈ ಭೀಮ್.